ಕೌದಿಯ ದಾರ

ರೊಟೊಟೂನ, ಹ್ಯಾಮಿಲ್ಟನ್
೨೦ ಮೇ ೨೦೦೭, ಭಾನುವಾರ

ಚಿ. ಮೇಘಾಳಿಗೆ ಅವ್ವನ ಆಶೀರ್ವಾದಗಳು.

ಇದು ಎರಡನೆಯ ಹಾಳೆ. ಮೊದಲನೆಯದರಲ್ಲಿ ಕೈ ತನ್ನ ರೂಢಿಯಂತೆ ಚಿ. ಸೌ. ಅಂತ ಬರೆದುಬಿಟ್ಟಿತು. ನಿನ್ನ ಮದುವೆಯಾದಾಗಿನಿಂದ, ಹನ್ನೊಂದು ವರ್ಷ, ಹಾಗೇ ಬರೆದದ್ದು. ಆ ಒಂದಕ್ಷರವನ್ನು ಹೊಡೆದುಹಾಕಿ ನಿನಗೆ ಕಳಿಸುವ ಧೈರ್ಯ ಬರಲಿಲ್ಲ, ಹಾಳೆಯನ್ನೇ ಹರಿದುಹಾಕಿದೆ. ಇತ್ತ ನಾವೆಲ್ಲ ಕ್ಷೇಮ ಅನ್ನುವ ಸಾಲನ್ನೂ ಈ ಸಲ ಬರೆಯುವುದಿಲ್ಲ. ನೀನು ಹೇಗಿದ್ದೀ ಅಂತ ನನಗೆ ಗೊತ್ತು. ನಾನು ಹೇಗಿದ್ದೇನೆ ಅಂತ ಈ ಪತ್ರ ಓದಿ ಮುಗಿಸುವುದರೊಳಗೆ ನಿನಗೂ ಗೊತ್ತಾಗುತ್ತದೆ.

ದಿನಾ ಫೋನು ಮಾಡುವವಳು ಪತ್ರ ಯಾಕೆ ಬರೆದಳು ಅಂತ ನಿನಗೆ ಅನಿಸಬಹುದು. ಫೋನಿನಲ್ಲಿ ನಾಲ್ಕು ಸಲ ಶುರು ಮಾಡಿದೆ. ನಾಲ್ಕು ಸಲವೂ ಪಲ್ಯ ಏನು ಮಾಡಿದ್ದೀ ಅಂತ ಕೇಳಿ ಇಟ್ಟುಬಿಟ್ಟೆ. ಆದರೆ ನಿನ್ನೆ ನಂದೀಶ ಒಂದು ಮಾತು ಹೇಳಿದ. ಈ ತಿಂಗಳ ಮೂವತ್ತಕ್ಕೆ ಅಕ್ಕ ವಿಚಾರಣಾದಾಗ ಹೇಳಿಕಿ ಕೊಡ್ತಾಳಂತವ್ವಾ, ಅನಂತನ ತಪ್ಪಿನಿಂದನ ಮಾಮಾ ಹೋದ ಅಂತ ಬರಸ್ತಾಳಂತ ಅಂದ. ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟುಬಿಟ್ಟೆ. ಹಾಗೆ ಮಾಡಬೇಡ, ಮೇಘಾ. ಅದನ್ನು ತಡೆಯಲಿಕ್ಕೇ ಈ ಪತ್ರ.

ನನ್ನ ಮೇಲೆ ನಿನಗಿರುವ ಸಿಟ್ಟು ನನಗೆ ಗೊತ್ತಿದೆ. ಮಣ್ಣು ಮಾಡಿ ಬಂದ ಒಂಬತ್ತನೆಯ ದಿನ ನಾನು ನಂದೀಶನ ಕಾರು ಹತ್ತಿದೆ. ಇಂಥಾ ಹೊತ್ತಿನ್ಯಾಗ ಯಾವ ತಾಯಿ ಮಗಳನ್ನ ಬಿಟ್ಟು ಹೋಗ್ತಾಳ ಅಂತ ನೀನು ಕೇಳಿದಿ. ನಿಮ್ಮ ಜಾನ್ಸನ್‌ವಿಲ್ಲಿನ ಗಾಳಿಗೆ ಮೊಣಕಾಲು ಹಿಡಿಯುತ್ತವೆ ಅಂತ ಹೇಳಿದೆ. ಮೊಣಕಾಲಿಗೇನೂ ಆಗಿರಲಿಲ್ಲ. ಅಳಿಯ ಮನೋಹರ ಅವರ ಜಪಾನಿನಿಂದ ಬಂದ ಸಾಮಾನನ್ನೆಲ್ಲ ನೀನು ಬಿಚ್ಚಿ, ಹಿಮದ ಮೇಲೆ ಜಾರುವಾಗ ಊರುವ ಆ ಎರಡು ಸ್ಕೀ ಕೋಲುಗಳನ್ನು ಹಜಾರದ ಬಾಗಿಲ ಹಿಂದೆ ನಿಲ್ಲಿಸಿದ್ದಿ. ಬಚ್ಚಲಿಗೆ ಹೋಗಬೇಕೆಂದರೂ ಅವುಗಳ ಮುಂದೆಯೇ ಹೋಗಬೇಕು. ನನಗೆ ಆಗಲಿಲ್ಲ, ಓಡಿಬಂದೆ.

ಅವರು ಹೊರಡುವ ಮೊದಲಿನ ಆ ಎರಡು ತಿಂಗಳು ನಿನಗೆ ನೆನಪಿದೆಯಲ್ಲ. ಇಲ್ಲಿಯ ಡಿಸೆಂಬರಿನ ಬೇಸಿಗೆಯ ಬಿಸಿಲಿನಲ್ಲಿ ಆ ದಪ್ಪ ಜಾಕೀಟು ಹಾಕಿಕೊಂಡು ಟಿವಿ ಮುಂದೆ ಬೆವರುತ್ತ ಕೂತಿರುತ್ತಿದ್ದರು. ಯಾಕ್ರೀ ಅಂದರೆ ಒಗ್ಗಿಸ್ಕೊಳ್ಳಾಕತ್ತೀನ್ರಿ ಅತ್ತಿ ಅನ್ನುವರು. ಕನ್ನಡಕ ಒಂದೇ, ಅದಕ್ಕೆ ಗಾಜು ಮಾತ್ರ ಎರಡು, ಬಿಸಿಲಿಗೊಂದು, ಹಿಮ ಬೀಳುವ ಮಬ್ಬಿಗೊಂದು. ಕೈಗವಸಿನ ಒಳಗೊಂದು ಕೈಗವಸು. ಇಲ್ಲಿಯ ರುಆಪೆಹು ಗುಡ್ಡದ ಮೇಲೆ ಜಾರುತ್ತಿದ್ದ ಹಳೆಯ ಹಲಗೆಗಳು ಸಪೂರ, ಜಪಾನಿನ ಮೆತ್ತನೆಯ ಹಿಮದಲ್ಲಿ ಮುಳುಗುತ್ತವೆ ಅಂತ ಅಗಲವಾದವನ್ನು ಹುಡುಕಿ ಹುಡುಕಿ ತಂದರು. ಇವನ್ನ ಹಾಸಿದ್ರ ಪಂಕ್ತಿಗೆ ನಾಲ್ಕು ಮಂದಿ ಊಟಕ್ಕ ಕೂಡಬಹುದಲ್ರೀ ಅಂತ ನಾನು ಚೇಷ್ಟೆ ಮಾಡಿದ್ದೆ. ನೀನು ಕೂಡ ನಕ್ಕಿದ್ದಿ. ಅಲ್ಲಿಯ ಹಿಮ ಥೇಟ್ ನಿಮ್ಮ ಜ್ವಾಳದ ಹಿಟ್ಟಿನಂಗ ಇರತದ್ರಿ, ಊದಿದ್ರ ಹಾರತದ ಅಂತ ಅಂಗೈ ಮೇಲೆ ಊದಿ ತೋರಿಸಿದ್ದರು. ನಲವತ್ತು ದಾಟಿದ ಮನುಷ್ಯ, ಜಾತ್ರೆಗೆ ಹೊರಟ ಮಗುವಿನ ಮುಖ ಅವರದು.

ಅವರ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೀಲಿಕೈ, ರೈಲಿನ ಪಾಸು, ಎಷ್ಟು ಮಫ್ಲರ್ ಕಳೆದರೋ ಲೆಕ್ಕವಿಲ್ಲ. ಹಿಂದಿನ ಚಳಿಗಾಲದಲ್ಲಿ ಗುಡ್ಡದಿಂದ ಒಂದೇ ಕೋಲು ಹಿಡಿದು ಬಂದಾಗ ನೀನು ಬೈದದ್ದು ನನಗೆ ನೆನಪಿತ್ತು. ಇದನ್ನು ನಿನ್ನ ಮೇಲೆ ಹಾಕಲು ಬರೆಯುತ್ತಿಲ್ಲ. ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಹೇಳಲು ಬರೆದೆ.

ಅವರು ಹೊರಡುವ ಹಿಂದಿನ ಭಾನುವಾರ, ಜೊತೆಗೆ ಹೋಗಲಿದ್ದ ಅವರ ಗೆಳೆಯ ಅನಂತ್ ಬಂದಿದ್ದ. ನೀನು ಪೇಟೆಗೆ ಹೋಗಿದ್ದಿ. ಇಬ್ಬರೂ ಸಾಮಾನನ್ನೆಲ್ಲ ಜಮಖಾನೆಯ ಮೇಲೆ ಹರವಿಕೊಂಡು ಕೂತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಚಟ್ನಿಯ ಡಬ್ಬಿ ಕೊಡಲು ಹೊರಗೆ ಬಂದಾಗ ನನ್ನ ಎರಡೂ ಕಣ್ಣಿನಿಂದ ನೋಡಿದೆ: ಅನಂತ್ ಆ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಿಡಿಯ ಹತ್ತಿರವಿದ್ದ ಪಟ್ಟಿಗಳನ್ನು, ನಾವು ಕೈ ತೂರಿಸಿ ಹಿಡಿಯುತ್ತೇವಲ್ಲ ಆ ಪಟ್ಟಿಗಳನ್ನು, ಕತ್ತರಿಯಿಂದ ಕತ್ತರಿಸುತ್ತಿದ್ದ. ಮನೋಹರ ಅವರಿಗೆ ಏನೋ ಹೇಳುತ್ತಲೂ ಇದ್ದ, ಅರ್ಧ ಮೈಸೂರಿನ ಮಾತು, ಅರ್ಧ ಇಂಗ್ಲಿಷ್. ನಾನು ಗಮನಕೊಡಲಿಲ್ಲ, ಹಂಚಿನ ಮೇಲೆ ರೊಟ್ಟಿ ಇತ್ತು.

ಮರುದಿನ ಕಸ ಹೊಡೆಯುವಾಗ ಸೋಫಾದ ಕೆಳಗೆ ಆ ಎರಡು ಪಟ್ಟಿ ಸಿಕ್ಕವು. ಹಳೆಯದಾಗಿ ಎಳೆ ಎದ್ದಿದ್ದವು. ಕೆಟ್ಟದ್ದನ್ನು ಕತ್ತರಿಸಿ ತೆಗೆದಿದ್ದಾರೆ, ಹೊಸದು ಹಾಕಿಸಲು ಮರೆಯುತ್ತಾರೆ, ಅಲ್ಲಿ ಹೋಗಿ ಮತ್ತೆ ಕೋಲು ಕಳೆದುಕೊಳ್ಳುತ್ತಾರೆ, ನಿನ್ನ ಕೈಯಲ್ಲಿ ಬೈಸಿಕೊಳ್ಳುತ್ತಾರೆ. ಇಷ್ಟೇ ನನಗೆ ಹೊಳೆದದ್ದು. ಒಂದು ಮಾತು ಕೇಳಬಹುದಿತ್ತು. ಧಾರವಾಡದಲ್ಲಿ ಮೂವತ್ತು ವರ್ಷ ಹುಡುಗಿಯರಿಗೆ ಹೊಲಿಗೆ ಕಲಿಸಿದವಳು, ಕೇಳುವುದೇನು ಅಂದುಕೊಂಡೆ.

ನಾನು ಹೊಲಿದೆ, ಮೇಘಾ. ನೀವಿಬ್ಬರೂ ಕೆಲಸಕ್ಕೆ ಹೋದಾಗ, ಎರಡು ದಿನ ಕೂತು ಆ ಪಟ್ಟಿಗಳನ್ನು ಮತ್ತೆ ಕೋಲುಗಳಿಗೆ ಹೊಲಿದೆ. ಊರಿಂದ ತಂದಿದ್ದ ಕೌದಿಯ ದಾರ ಇತ್ತಲ್ಲ, ಅದನ್ನು ನಾಲ್ಕೆಳೆ ಮಾಡಿ, ಮೇಣ ತಿಕ್ಕಿ, ದಬ್ಬಣದಿಂದ ಹೊಲಿದೆ. ಒಂದು ದಬ್ಬಣ ಮುರಿಯಿತು. ಕೈ ಜಾರಬಾರದು ಅಂತ ಅವರ ಕೈಗವಸಿನ ಅಳತೆ ಹಿಡಿದು ಪಟ್ಟಿಯನ್ನು ಎರಡು ಬೆರಳು ಗಿಡ್ಡ ಮಾಡಿದೆ. ಮುಗಿದ ಮೇಲೆ ನನ್ನ ಕೈಯನ್ನೇ ತೂರಿಸಿ ಜಗ್ಗಿ ನೋಡಿದೆ. ಎತ್ತು ಜಗ್ಗಿದರೂ ಬಿಡದ ಹಾಗೆ ಕೂತಿತ್ತು. ಹಾಡಿಕೊಳ್ಳುತ್ತ ಕೋಲುಗಳನ್ನು ಉದ್ದನೆಯ ಚೀಲದೊಳಗೆ ಇಟ್ಟೆ, ಯಾರಿಗೂ ಹೇಳಲಿಲ್ಲ. ಅಲ್ಲಿ ತೆಗೆದು ನೋಡಿ ಬೆರಗಾಗಲಿ ಅಂತ ನನಗೆ ಆಸೆ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ನನ್ನ ಬಾಯಿಂದ ಹೇಳಬೇಕು. ಜಪಾನಿನವರ ವರದಿಯ ಇಂಗ್ಲಿಷ್ ಪ್ರತಿಯನ್ನು ನಂದೀಶನ ಕೈಯಲ್ಲಿ ಎರಡು ಸಲ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಂಡಿದ್ದೇನೆ. ನಾಲ್ಕನೆಯ ದಿನ ಅವರು ಕಾಡಿನೊಳಗೆ ಜಾರಲು ಹೋದರು. ಅಲ್ಲಿಯ ಮರಗಳ ಬುಡದಲ್ಲಿ, ಕೊಂಬೆಗಳ ಕೆಳಗೆ, ಸುತ್ತಲೂ ಗುಂಡಿ ಇರುತ್ತದಂತೆ, ಮೇಲೆ ಹಗುರವಾದ ಹಿಮ ಮುಚ್ಚಿರುವುದರಿಂದ ಕಾಣುವುದಿಲ್ಲವಂತೆ. ಅವರು ತಲೆಕೆಳಗಾಗಿ ಅದರಲ್ಲಿ ಬಿದ್ದರು. ಹಾಗೆ ಬಿದ್ದವರು ಕೈಯಿಂದ ಮುಖದ ಹತ್ತಿರದ ಹಿಮ ಗೋರಿಕೊಂಡು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಅವರ ಎರಡೂ ಕೈಗಳು ಪಟ್ಟಿಯಲ್ಲಿದ್ದವು, ಕೋಲುಗಳು ಮೇಲೆ ಕೊಂಬೆಗಳಿಗೆ ಸಿಕ್ಕಿಕೊಂಡಿದ್ದವು. ಕೈ ಮುಖದ ತನಕ ಬರಲಿಲ್ಲ. ಅನಂತ್ ಕೆಳಗೆ ಕಾಯುತ್ತಿದ್ದ. ಬರಲಿಲ್ಲ ಅಂತ ತಿಳಿದ ಕೂಡಲೇ ಸೊಂಟದುದ್ದ ಹಿಮದಲ್ಲಿ ತಿರುಗಿ ಮೇಲೆ ಹತ್ತಿದ. ಬಂದು ಮುಟ್ಟಲು ಅರ್ಧ ಗಂಟೆಯ ಮೇಲಾಯಿತು.

ಪಟ್ಟಿ ಬಿಗಿಯಾಗಿತ್ತು, ಬಿಡಿಸಲು ಬರದೆ ಚಾಕುವಿನಿಂದ ಕೊಯ್ಯಬೇಕಾಯಿತು ಅಂತ ಅದರಲ್ಲಿ ಬರೆದಿದೆ. ನಂದೀಶ ಆ ಸಾಲು ಓದುವಾಗ ನಾನು ನೀರು ಕುಡಿಯಲು ಎದ್ದುಹೋದೆ.

ನೀನು ಅದೇ ಸಾಲನ್ನು ಹಿಡಿದುಕೊಂಡಿ. ಕಾಡಿನಲ್ಲಿ ಪಟ್ಟಿ ಇರಬಾರದು ಅಂತ ಅನಂತನಿಗೆ ಗೊತ್ತಿತ್ತು, ಹತ್ತು ಸಲ ಜಪಾನಿಗೆ ಹೋಗಿ ಬಂದವನು, ಆದರೂ ಹೇಳಲಿಲ್ಲ, ಈಗ ಹೇಳಿದ್ದೆ ಅಂತ ಸುಳ್ಳು ಹೇಳುತ್ತಾನೆ ಅಂದಿ. ಮಣ್ಣಿನ ದಿನ ಅವನು ಬಾಗಿಲಿಗೆ ಬಂದಾಗ ಎಲ್ಲರ ಎದುರಿಗೆ ಹೊರಗೆ ಹಾಕಿದಿ. ನಾನು ನಿನ್ನ ಹಿಂದೆಯೇ ನಿಂತಿದ್ದೆ. ಅವನು ಒಂದು ಸಲ ನನ್ನ ಕಡೆ ನೋಡಿದ. ಪಟ್ಟಿಯನ್ನು ಕತ್ತರಿಸಿ ತೆಗೆದವನು ಅವನು, ಮತ್ತೆ ಹೊಲಿದದ್ದನ್ನು ಕೊಯ್ದವನೂ ಅವನು. ಯಾರ ಕೈಯ ಹೊಲಿಗೆ ಅಂತ ಅವನಿಗೆ ತಿಳಿಯದೇ ಇರುತ್ತದೆಯೇ? ನನ್ನ ಕೌದಿ ಅವನ ಮನೆಯಲ್ಲೂ ಒಂದಿದೆ. ನಾನು ಮಾತಾಡುತ್ತೇನೆ ಅಂತ ಕಾದ. ನಾನು ಸೆರಗು ಬಾಯಿಗೆ ಹಿಡಿದು ನಿಂತೆ. ಅವನು ಮೆಟ್ಟಿಲಿಳಿದು ಹೋದ.

ಇಂದಿಗೂ ಅವನು ನನ್ನ ಹೆಸರು ಹೇಳಿಲ್ಲ. ಅವನ ಹೆಂಡತಿ ವಸುಂಧರಾ ಹೋದ ವಾರ ನನಗೆ ಫೋನು ಮಾಡಿದ್ದಳು. ಅವ್ರು ಊಟ ಬಿಟ್ಟಿದಾರೆ ಆಂಟಿ, ಆಫೀಸಿಗೂ ಸರಿಯಾಗಿ ಹೋಗ್ತಿಲ್ಲ, ಮೇಘಾಗೆ ನೀವಾದ್ರೂ ಸ್ವಲ್ಪ ಹೇಳಿ ಅಂತ ಅತ್ತಳು. ಅವಳಿಗೆ ಗೊತ್ತಿಲ್ಲ. ಗಂಡ ಅವಳಿಗೂ ಹೇಳಿಲ್ಲ. ಆಗಲಿ ತಾಯಿ, ಹೇಳ್ತೀನಿ ಅಂದೆ. ಅಷ್ಟು ನಾಚಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಕಾಡಿನಲ್ಲಿ ಪಟ್ಟಿಯೊಳಗೆ ಕೈ ಹಾಕಬಾರದು ಅಂತ ಗೊತ್ತಿದ್ದೂ ಮನೋಹರ ಅವರು ಯಾಕೆ ಹಾಕಿಕೊಂಡರೋ ನನಗೆ ಗೊತ್ತಿಲ್ಲ. ಮರೆತಿರಬೇಕು, ಅವರ ಮರೆವು ನಿನಗೆ ಗೊತ್ತೇ ಇದೆ. ನನಗಂತೂ ಅದು ತಿಳಿಯದೆ ಆದ ತಪ್ಪು. ಕೋಲು ಕಳೆಯಬಾರದು ಅಂತ ಹೊಲಿದೆ, ಮನುಷ್ಯನನ್ನೇ ಕಳೆದೆ.

ಇಲ್ಲಿ ಬೆಳಗಿನ ಮಂಜು ಹತ್ತು ಗಂಟೆಯಾದರೂ ಏಳುವುದಿಲ್ಲ. ಎದುರು ಮನೆ ಕಾಣುವುದಿಲ್ಲ, ಬೇಲಿ ಕಾಣುವುದಿಲ್ಲ. ಅದರೊಳಗೆ ಉಸಿರು ಹಿಡಿದು ಎಣಿಸುತ್ತೇನೆ. ನಲವತ್ತರ ಮೇಲೆ ಹೋಗಲು ಆಗುವುದಿಲ್ಲ, ಎದೆ ಒಡೆದ ಹಾಗಾಗುತ್ತದೆ. ಅವರು ಎಷ್ಟು ಎಣಿಸಿದರೋ. ಇದನ್ನು ನಿನಗೆ ಬರೆಯಬಾರದಿತ್ತು, ಆದರೆ ಬೇರೆ ಯಾರಿಗೆ ಬರೆಯಲಿ? ಇಲ್ಲಿಯ ಹೆಂಗಸರು ಸೀರೆಗೆ ಫಾಲ್ ಹಚ್ಚಿಕೊಡಿ ಆಂಟಿ ಅಂತ ಬರುತ್ತಾರೆ, ಕಣ್ಣು ಕಾಣುವುದಿಲ್ಲ ಅಂತ ಕಳಿಸುತ್ತೇನೆ. ಸೂಜಿ ಮುಟ್ಟಿಲ್ಲ. ನಂದೀಶನ ಅಂಗಿಯ ಗುಂಡಿ ಬಿದ್ದರೆ ಅವನೇ ಹಚ್ಚಿಕೊಳ್ಳುತ್ತಾನೆ, ಯಾಕೆ ಅಂತ ಕೇಳುವುದಿಲ್ಲ.

ನಾನು ಕ್ಷಮೆ ಕೇಳುತ್ತಿಲ್ಲ, ಮಗಳೆ. ಕೊಡಲು ನಿನ್ನ ಹತ್ತಿರ ಏನು ಉಳಿದಿದೆ ಅಂತ ಕೇಳಲಿ? ನನ್ನನ್ನು ಬೈ, ಮಾತು ಬಿಡು, ಇನ್ನೆಂದೂ ನಿನ್ನ ಮನೆಯ ಮೆಟ್ಟಿಲು ಹತ್ತಬೇಡ ಅನ್ನು. ಆದರೆ ಮೂವತ್ತನೆಯ ತಾರೀಖು ಅನಂತನ ಹೆಸರು ಎತ್ತಬೇಡ. ಈ ಪತ್ರವನ್ನೇ ಅಲ್ಲಿ ಕೊಡು, ಯಾರಾದರೂ ಇಂಗ್ಲಿಷಿಗೆ ಮಾಡಿಕೊಳ್ಳುತ್ತಾರೆ. ಕರೆದರೆ ನಾನೇ ಬಂದು ಹೇಳುತ್ತೇನೆ. ನಂದೀಶನಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೇ ತಿಳಿಯಬೇಕು.

ಹೊತ್ತಿಗೆ ಸರಿಯಾಗಿ ಒಂದಿಷ್ಟು ಉಣ್ಣು. ಹೇಳುವ ಯೋಗ್ಯತೆ ಇಲ್ಲದಿದ್ದರೂ ಹೇಳುತ್ತೇನೆ.

ನಿನ್ನನ್ನು ಹೆತ್ತ,
ಚಂದ್ರವ್ವ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಅವರು ಯಾಕೆ ಕೈ ಹಾಕಿಕೊಂಡರೋ ಗೊತ್ತಿಲ್ಲ ಅಂತ ಬರೆದದ್ದು ಸುಳ್ಳು. ಅವರು ಅಲ್ಲಿಗೆ ಹೋದ ಮೂರನೆಯ ದಿನದ ಸಂಜೆ, ನೀನು ಹಾಲು ತರಲು ಡೈರಿಗೆ ಹೋಗಿದ್ದಾಗ, ಅವರ ಫೋನು ಬಂದಿತ್ತು. ಹೊಲಿಗಿ ಭಾಳ ಛಲೋ ಆಗೇದ್ರಿ ಅತ್ತಿ, ಆದ್ರ ನಾಳೆ ಗಿಡಗಳ ನಡುವ ಹೋಗ್ತೀವಿ, ಅಲ್ಲೆ ಇದು ಇರಬಾರದ್ರಿ, ಬಿದ್ರ ಕೈ ಸಿಗಬೀಳತಾವ ಅಂತ ಅನಂತ್ ಹೇಳ್ತಾನ, ಬಿಚ್ಚಲೇನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ ಅಂತ ನಗುತ್ತ ಕೇಳಿದರು. ನನಗೆ ತಿಳಿಯಿತು, ಮೇಘಾ. ಪ್ರತಿಯೊಂದು ಮಾತೂ ತಿಳಿಯಿತು. ಎರಡು ದಿನ ಕಣ್ಣು ಸೋಲಿಸಿಕೊಂಡು ಹೊಲಿದದ್ದನ್ನು ಆ ಹುಡುಗ ಕತ್ತರಿಸಲು ಹೇಳುತ್ತಾನಲ್ಲ ಅಂತ ಸಿಟ್ಟು ಬಂತು. ಬಿಚ್ಚಿದ್ರ ನನ್ನ ಆಣಿ ಅದ ನೋಡ್ರಿ, ಕೈ ಹಾಕ್ಕೊಂಡ ಹೋಗ್ರಿ ಅಂದೆ. ಆತ್ರಿ ಅತ್ತಿ, ಹಾಕ್ಕೋತೀನ್ರಿ ಅಂದರು.