ಉಗುರುಬಣ್ಣದ ಗೆರೆ

ಬೆಟಗೇರಿ, ಸೋಮವಾರ

ಹುಚ್ಚೀರಪ್ಪ ಕಾಕಾ ಅವರಿಗೆ ನಮಸ್ಕಾರ.

ನಮ್ಮ ಸಿಎನ್‌ಸಿ ಮಿಲ್ಲಿಂಗ್ ಮಷೀನು ನೀವಿದ್ದಾಗಿನಂತೆಯೇ ಕೊರೆಯುವಾಗ ಮತ್ತೆ ಅಳತೆ ತಪ್ಪುತ್ತಿತ್ತು. ಕೇಬಲ್ಲು, ಮೋಟರು ನಡೆಸುವ ಡ್ರೈವು ಬದಲಿಸಿದರೂ ಸರಿಹೋಗಲಿಲ್ಲ. ನಿನ್ನೆ ನಾನೇ ಮೋಟರಿನ ಮುಚ್ಚಳ ಬಿಚ್ಚಿದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, "ತಂಗಿ, ನಿನ್ನ ಉಗುರುಬಣ್ಣ ಕೊಡು" ಎಂದು ಕೇಳಿ, ಮೋಟರಿನ ಶಾಫ್ಟು ಮತ್ತು ಅದನ್ನು ಹಿಡಿದ ಕಪ್ಲಿಂಗಿನ ಮೇಲೆ ಒಂದೇ ಗೆರೆ ಎಳೆದಿದ್ದಿರಿ. "ಈ ಗೆರಿ ಮುರದ್ರ ಶಾಫ್ಟು ಜಾರೇತಿ ಅಂತ ತಿಳಿ" ಎಂದಿದ್ದಿರಿ. ಗ್ರೀಸು ಒರೆಸಿದಾಗ ಅದೇ ಕೆಂಪು ಗೆರೆ ಎರಡು ತುಂಡಾಗಿ ಕಂಡಿತು.

ಅಳತೆ ತಪ್ಪುವುದು ನಿಮ್ಮ ಕಣ್ಣು ಮಂಜಾಗಿರುವುದರಿಂದ ಎಂದು ನಿಮ್ಮನ್ನು ಕೆಲಸದಿಂದ ಬಿಡಿಸಿದ ದಿನ, "ಮುಚ್ಚಳ ಬಿಚ್ಚಿ ನೋಡ್ರಿ" ಎಂದು ನೀವು ಹೇಳುತ್ತಲೇ ಇದ್ದಿರಿ. ನಾನು ಪಕ್ಕದಲ್ಲೇ ಇದ್ದೂ ಸ್ಪ್ಯಾನರ್ ಕೈಗೆತ್ತಿಕೊಳ್ಳಲಿಲ್ಲ.

ಮಾಲೀಕರಿಗೆ ತೋರಿಸಿ, ಕಪ್ಲಿಂಗ್ ಬಿಗಿದಿದ್ದೇನೆ. ಹೊಸ ಗೆರೆ ಮಾತ್ರ ಎಳೆದಿಲ್ಲ. ನಿಮ್ಮೂರು ಬೆಳ್ಳಟ್ಟಿಯಿಂದ ಮೊದಲ ಬಸ್ಸಿಗೆ ಬನ್ನಿ. ಉಗುರುಬಣ್ಣ ತಂದಿಟ್ಟಿದ್ದೇನೆ.

ನಿಮ್ಮ ಕೈಕೆಳಗೆ ಕಲಿತ
ಸುಶ್ಮಿತಾ