ಅಂಜನಾ ಮುಟ್ಟಿದ ಸುದ್ದಿ

ಅಂಜನಾ,

ರೊಟ್ಟಿ ಬುಟ್ಟಿಯಲ್ಲಿದೆ, ಪುಂಡಿಪಲ್ಯ ಬಿಸಿ ಮಾಡಿಕೋ. ನಾನು ಕಮಲಾಪುರಕ್ಕೆ ಹೊರಟಿದ್ದೇನೆ. ತೋಟದಲ್ಲಿರುವ ನಿಮ್ಮಪ್ಪನನ್ನು ಒಪ್ಪಿಸಿಯೇ ಬರುತ್ತೇನೆ.

ಬೆಳಿಗ್ಗೆ ಅಸ್ಸಾಮಿನ ಯೂನಿವರ್ಸಿಟಿ ಹಾಸ್ಟೆಲಿನಿಂದ ಫೋನ್ ಬಂದಿತ್ತು. ನಿಮ್ಮ ಮಗಳು ಬಂದಿದ್ದಾಳೆ, ಊಟ ಮಾಡುತ್ತಿಲ್ಲ ಎಂದು ಅಲ್ಲಿಯ ವಾರ್ಡನ್ ಹೆಂಗಸು ಹಿಂದಿಯಲ್ಲಿ ಹೇಳಿದಳು. ನೀನು ನನ್ನ ಕಣ್ಣೆದುರೇ ಮಲಗಿದ್ದೆ. ಸಿಟ್ಟು ಬಂದು, ಹಾಗಾದರೆ ಅವಳಿಗೇ ಫೋನ್ ಕೊಡಿ ಎಂದೆ.

ನಿನ್ನದೇ ದನಿ.

"ಅವ್ವಾ, ನಾ ಬಂದು ಮುಟ್ಟೀನಿ. ಅಕಿಗಿ ಎಬ್ಬಿಸಬ್ಯಾಡ, ಮಲಗ್ಲಿ."

ಓದಲು ಅಸ್ಸಾಮಿನಷ್ಟು ದೂರ ಹೋಗುವುದು ಬೇಡವೆಂದು ವಾರವಿಡೀ ನಿನ್ನ ಜೊತೆ ಜಗಳಾಡಿದೆ. ಇನ್ನು ಆಡುವುದಿಲ್ಲ. ಇಲ್ಲೇ ಕಲಬುರಗಿಯಲ್ಲಿ ಸಿಕ್ಕಿರುವ ಸೀಟು ಬೇಡವೆಂದು ಇವತ್ತೇ ಬರೆದು ಕಳಿಸು. ಬಟ್ಟೆಬರೆ ಜೋಡಿಸಿಕೋ.

ಪಾಪ, ಅಲ್ಲಿ ಅವಳೊಬ್ಬಳೇ ಇದ್ದಾಳೆ.

ಅವ್ವ