ದೇವರಿಲ್ಲದ ಬೆಟ್ಟ

ಊದ್ ಮೇಥಾ, ದುಬೈ
5 ಡಿಸೆಂಬರ್ 2003, ಶುಕ್ರವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಮೊಣಕಾಲು ನೋವು ಕಡಿಮೆಯಾಯಿತೇ? ರಾತ್ರಿ ನಿದ್ದೆ ಬರುತ್ತಿದೆಯೇ? ಎರಡು ಹೊತ್ತೂ ಬಿಸಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲಾ ಬೆಳಗಿನ ಸಾರಿನಲ್ಲೇ ರಾತ್ರಿಯನ್ನೂ ತಳ್ಳುತ್ತಿದ್ದೀಯಾ? ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರಿ. ಫೋನಿನಲ್ಲಿ "ಎಲ್ಲಾ ಚೆನ್ನಾಗಿದೆ ಕಣೇ, ಬಿಲ್ಲು ಏರುತ್ತೆ, ಇಡು" ಅಂತ ನನ್ನನ್ನು ಸಾಗಹಾಕುವುದು ನಿನಗೆ ಅಭ್ಯಾಸವಾಗಿಬಿಟ್ಟಿದೆ. ಅದಕ್ಕೇ ಈ ಸಲ ಕಾಗದ ಬರೆಯುತ್ತಿದ್ದೇನೆ. ನಾನು ಮಾತು ಮುಗಿಸುವ ತನಕ ನೀನು ಸುಮ್ಮನೆ ಓದಲೇಬೇಕು. ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ. ಸೆಕೆ ಹೋಗಿ ಕಿಟಕಿ ತೆಗೆದು ಮಲಗುವ ಕಾಲ ಬಂದಿದೆ. ಎಸಿಯ ಸದ್ದು ನಿಂತಿರುವುದರಿಂದ ಇವರ ಗೊರಕೆ ಈಗ ಸ್ಪಷ್ಟವಾಗಿ ಕೇಳಿಸುತ್ತದೆ, ಅದೊಂದೇ ಕಷ್ಟ.

ಈಗ ವಿಷಯಕ್ಕೆ ಬರುತ್ತೇನೆ. ಫೆಬ್ರವರಿ ಮೊದಲ ವಾರ ಬಕ್ರೀದ್ ರಜೆ. ಆ ರಜೆಗೆ ನಾವು ಅಲ್ ಐನ್‌ಗೆ, ಜಬಲ್ ಹಫೀತ್ ಅನ್ನುವ ಬೆಟ್ಟದ ತಪ್ಪಲಿಗೆ ಹೋಗುತ್ತಿದ್ದೇವೆ, ಮತ್ತು ನೀನೂ ಬರುತ್ತಿದ್ದೀಯೆ. "ಆಗಲೇ ಬೇಡ ಅಂದೆನಲ್ಲ" ಅಂತ ಕಾಗದ ಮಡಚಿಡಬೇಡ. ಮೊದಲ ಸಲ ನಾನು ಕೇಳಿದಾಗ ನೀನು ಹೇಳಿದ್ದು, ಭಾವ ಹೋಗಿ ವರ್ಷ ತುಂಬುವ ತನಕ ಹೊರಗಿನ ಅನ್ನ ತಿನ್ನುವುದಿಲ್ಲ, ಹೋಟೆಲಿನಲ್ಲಿ ಉಳಿಯುವುದಿಲ್ಲ ಅಂತ. ಸರಿ, ಹೋಟೆಲ್ ಬಿಟ್ಟೆ. ಹೋಗುವಾಗ ಮನೆಯನ್ನೇ ಜೊತೆಗೆ ಒಯ್ಯೋಣ ಅಂತ ತೀರ್ಮಾನ ಮಾಡಿದೆ. ಇವರ ಸ್ನೇಹಿತ ಇಕ್ರಾಮುಲ್ಲಾ ನಿನಗೆ ನೆನಪಿರಬೇಕು. ಭಟ್ಕಳದವರು, ಅಲ್ ಮುರಕ್ಕಬಾತ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ, ಭಾವನ ಸುದ್ದಿ ಬಂದ ದಿನ ನಮ್ಮನ್ನು ಏರ್‌ಪೋರ್ಟಿಗೆ ಬಿಟ್ಟವರು. ಅವರು ಊರಿಗೆ ಹೊರಟ ಒಬ್ಬ ಇಂಗ್ಲಿಷಿನವನ ಕೈಯಿಂದ ಕಾರವಾನ್ ಕೊಂಡಿದ್ದಾರೆ. ಮಿನಿ ಬಸ್ಸಿನೊಳಗೇ ಒಂದು ಮನೆ ಅಂದುಕೋ. ಹಿಂದುಗಡೆ ಮಲಗುವ ಮಂಚ, ಮಧ್ಯೆ ಪುಟ್ಟ ಅಡುಗೆಮನೆ, ಮೂಲೆಯಲ್ಲಿ ಬಚ್ಚಲು ಕೂಡ ಇದೆ. ಹಬ್ಬಕ್ಕೆ ಅವರ ಮನೆ ತುಂಬ ನೆಂಟರು ಬರುತ್ತಾರೆ, ಗಾಡಿ ಸುಮ್ಮನೆ ನಿಂತಿರುತ್ತದೆ. ಕೇಳಿದ್ದೇ ತಡ "ಯಲ್ಲಾ, ನಡೀರಿ, ತಕ್ಕೊಂಡು ಹೋಗಿ ಭಾಭಿ" ಅಂದರು.

ನಮ್ಮ ಯಜಮಾನರು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಎಂಥ ಶೂರರೋ, ಆ ಗಾಡಿಯ ಮುಂದೆ ಅಷ್ಟೇ ಪುಕ್ಕಲು. ಪ್ರತಿ ಶುಕ್ರವಾರ ಬೆಳಿಗ್ಗೆ ಖಾಲಿ ಬಯಲಿಗೆ ಹೋಗಿ ರಿವರ್ಸ್ ಕಲಿಯುತ್ತಿದ್ದಾರೆ. ಆದರ್ಶ ಹಿಂದೆ ನಿಂತು "ಅಪ್ಪಾ, ಸ್ಟಾಪ್! ಸ್ಟಾಪ್!" ಅಂತ ಕೂಗುತ್ತಾನೆ, ಇವರು ಬ್ರೇಕು ಒತ್ತುವ ಬದಲು ಕಿಟಕಿಯಿಂದ ತಲೆ ಹಾಕಿ "ಏನಂದೆ?" ಅನ್ನುತ್ತಾರೆ. ಹೋದ ವಾರ ಒಂದು ಕಸದ ಡಬ್ಬಿ ಮಲಗಿತು. "ಅತ್ತಿಗೆಯನ್ನ ಕೂರಿಸಿಕೊಂಡು ಇದನ್ನ ಓಡಿಸೋದು ನನ್ನಿಂದಾಗಲ್ಲ ಸುಮಿತ್ರಾ" ಅಂತ ಕೈಚೆಲ್ಲಿದರು. ನಾನು ಬಿಡಲಿಲ್ಲ. ಮರುದಿನ ಸಂಜೆಯೂ ಕಳಿಸಿದೆ. ಈಗ ಪರವಾಗಿಲ್ಲ, ಡಬ್ಬಿಗಳು ನಿಂತಲ್ಲೇ ನಿಂತಿವೆ.

ಇನ್ನು ನಿನ್ನ ಎರಡನೆಯ ತಕರಾರು. ಅದು ಕೆಟ್ಟಿದ್ದು ನನ್ನ ಬಾಯಿಂದಲೇ. ನಿನ್ನನ್ನು ಆಸೆಪಡಿಸಲು ಹೋಗಿ "ನಮ್ಮ ಚಾಮುಂಡಿ ಬೆಟ್ಟದ ಥರಾನೇ ಕಣೇ, ಮೇಲಿನ ತನಕ ರಸ್ತೆ ಇದೆ" ಅಂದುಬಿಟ್ಟೆ. ನೀನು ತಕ್ಷಣ ಹಿಡಿದುಕೊಂಡೆ: "ವರ್ಷದೊಳಗೆ ಬೆಟ್ಟ ಹತ್ತಬಾರದು." ಫೋನಿಟ್ಟ ಮೇಲೆ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಆದರೆ ಸುಮ್ಮನೆ ಕೂತೆ ಅಂದುಕೊಂಡೆಯಾ? ನಿಮ್ಮ ಜೋಯಿಸರಿಗೇ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು "ಬೆಟ್ಟದ ಮೇಲೆ ಯಾವ ದೇವರಮ್ಮ?" ಅಂದರು. "ದೊಡ್ಡ ಹೋಟೆಲ್ ಇದೆ" ಅಂದೆ. "ಹೋಟೆಲ್ಲೇ?" ಅಂತ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ "ದೇವರಿಲ್ಲದ ಬೆಟ್ಟಕ್ಕೆ ನಿಷೇಧ ಎಲ್ಲಿಂದ ಬರುತ್ತೆ ತಾಯಿ, ಧಾರಾಳವಾಗಿ ಹೋಗಿ ಬರಲಿ" ಅಂದರು. ಬೇಕಿದ್ದರೆ ನೀನೇ ಕೇಳು. ಅಷ್ಟಾದರೂ ನಿನಗೆ ಮನಸ್ಸು ಒಪ್ಪದಿದ್ದರೆ ಮೇಲೆ ಹತ್ತುವುದೇ ಬೇಡ. ಗಾಡಿ ತಪ್ಪಲಿನಲ್ಲೇ ನಿಲ್ಲುತ್ತದೆ. ಅಲ್ಲಿ ಒಂದು ಹಸಿರು ಪಾರ್ಕಿದೆ, ಬಿಸಿನೀರಿನ ಬುಗ್ಗೆಯ ನೀರು ಕಾಲುವೆಯಲ್ಲಿ ಹರಿಯುತ್ತದೆ, ಜನ ಕಾಲು ಇಳಿಬಿಟ್ಟು ಕೂತಿರುತ್ತಾರೆ. ನಿನ್ನ ಮೊಣಕಾಲಿಗೂ ಒಳ್ಳೆಯದು. ಎದುರಿಗೆ ಬೋಳು ಬೆಟ್ಟ, ಒಂದು ಮರವಿಲ್ಲ. ದಾರಿಯುದ್ದಕ್ಕೂ ಕೆಂಪು ಮರಳು. ನೀನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಅರ್ಧಚಂದ್ರಾಕಾರದ ಮರಳುದಿಬ್ಬ ಬರೆದು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಬಾಣ ಹಾಕುತ್ತೀಯಲ್ಲ, ಆ ದಿಬ್ಬ. ಇಷ್ಟು ವರ್ಷ ಭೂಗೋಳ ಪಾಠ ಮಾಡಿದ ಟೀಚರಮ್ಮ ಒಂದು ಸಲವಾದರೂ ಮರುಭೂಮಿ ನೋಡುವುದು ಬೇಡವೇ?

ಅಕ್ಕಾ, ಇಷ್ಟೆಲ್ಲ ಹಟ ಯಾಕೆ ಅಂತ ಹೇಳಿಬಿಡುತ್ತೇನೆ. ಜುಲೈನಲ್ಲಿ ನಾವು ಮೈಸೂರಿಗೆ ಬಂದಾಗ ಹಿತಾಳ ಹುಟ್ಟುಹಬ್ಬ ಮಾಡಿದೆವಲ್ಲ. ಅವಳು ಹುಟ್ಟಿದಾಗಿನಿಂದ ಮೊದಲ ಆರತಿ ನಿನ್ನದೇ. ಅವತ್ತು ಅವಳನ್ನು ಮಣೆಯ ಮೇಲೆ ಕೂರಿಸಿ ತಿರುಗಿ ನೋಡಿದರೆ ನೀನಿಲ್ಲ. ಅಡುಗೆಮನೆಯಲ್ಲಿ, ಆಗಲೇ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಹಿತಾ ಎಲ್ಲರ ಮುಂದೆ "ವೈ ಈಸ್ ದೊಡ್ಡಮ್ಮ ಹೈಡಿಂಗ್?" ಅಂದಳು. ನಿನಗೂ ಕೇಳಿಸಿರಬೇಕು, ನಲ್ಲಿ ಜೋರಾಗಿ ಬಿಟ್ಟೆ. ನನಗೆ ಅವತ್ತು ಬಂದ ಸಿಟ್ಟಿಗೂ ಅಳುವಿಗೂ ಲೆಕ್ಕವಿಲ್ಲ. ಯಾರಾದರೂ ನಿನ್ನನ್ನು ಒಳಗೆ ಹೋಗು ಅಂದಿದ್ದರೆ ಅವರ ಜೊತೆ ಜಗಳವಾಡಿ ಹಗುರವಾಗುತ್ತಿದ್ದೆ. ಯಾರೂ ಅನ್ನಲಿಲ್ಲ. ನಿಮ್ಮತ್ತೆಯವರೇ ಎರಡು ಸಲ ಕರೆದರು. ನಿನ್ನನ್ನು ಒಳಗೆ ಕಳಿಸಿದವಳು ನೀನೇ. ಆಮೇಲೆ ಶ್ರಾವಣ ಹೋಯಿತು, ನವರಾತ್ರಿ ಹೋಯಿತು, ಪ್ರತಿ ಸಲ ಫೋನ್ ಮಾಡಿದಾಗಲೂ ನೀನು ಇನ್ನೊಂದು ಹೆಜ್ಜೆ ಒಳಗೆ ಹೋಗಿದ್ದೀಯೆ ಅನ್ನಿಸುತ್ತದೆ. ಮೊದಲು ಮದುವೆಮನೆಗಳಿಗೆ ಹೋಗುವುದು ಬಿಟ್ಟೆ, ಈಗ ಸ್ಕೂಲ್ ಡೇಗೂ ಹೋಗುವುದಿಲ್ಲವಂತೆ. ವರ್ಷ ತುಂಬಲಿ ಅನ್ನುತ್ತೀಯೆ. ವರ್ಷ ತುಂಬಿದ ಮೇಲೆ ಇನ್ನೊಂದು ಕಾರಣ ಹುಡುಕುತ್ತೀಯೆ, ನನಗೆ ಗೊತ್ತಿಲ್ಲವೇ ನಿನ್ನ ಬುದ್ಧಿ? ಭಾವನಿಗಾಗಿ ನೀನು ಎಷ್ಟು ಅತ್ತರೂ ನಾನು ಬೇಡ ಅನ್ನುವುದಿಲ್ಲ, ನಾನೂ ಜೊತೆಗೆ ಅಳುತ್ತೇನೆ. ಅವರೂ ಹೋಗಿ ನೀನೂ ಹೀಗೆ ಕಣ್ಣೆದುರೇ ಇಲ್ಲವಾಗುವುದನ್ನು ಮಾತ್ರ ನನ್ನ ಕೈಯಲ್ಲಿ ನೋಡಲಾಗುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಎಲ್ಲ ಮುಗಿದಿದೆ, ನೀನು ಹೊರಡುವುದೊಂದೇ ಬಾಕಿ. ವಿಸಿಟ್ ವೀಸಾಕ್ಕೆ ಇವರು ಅರ್ಜಿ ಹಾಕಿದ್ದಾರೆ. ಬಂದ ತಕ್ಷಣ ಕಾಪಿ ಫ್ಯಾಕ್ಸ್ ಮಾಡುತ್ತಾರೆ. ಎಸ್ಸೆಸ್ಸೆಲ್ಸಿ ಮಕ್ಕಳ ರಿವಿಷನ್ ಅಂತ ನೆಪ ಹೇಳಬೇಡ, ನಿಮ್ಮ ಹೆಡ್‌ಮಿಸ್ ಜೊತೆಯೂ ಮಾತಾಡಿದ್ದೇನೆ. "ಮೇಡಂ ರಜಾ ಹಾಕಿದ್ರೆ ನಮಗೇ ಖುಷಿ" ಅಂದರು. ನಿಮ್ಮತ್ತೆಯವರಂತೂ "ಕರ್ಕೊಂಡು ಹೋಗಮ್ಮ, ಇವಳ ಮುಖ ನೋಡೋಕಾಗಲ್ಲ" ಅಂದರು. ನೋಡು, ತಡೆಯುವವರು ಯಾರೂ ಉಳಿದಿಲ್ಲ. ಇಲ್ಲಿ ಮಕ್ಕಳು ಹಿಂದಿನ ಮಂಚ ದೊಡ್ಡಮ್ಮನಿಗೆ ಅಂತ ಬಿಟ್ಟುಕೊಟ್ಟಿದ್ದಾರೆ, ಪಕ್ಕದಲ್ಲಿ ಯಾರು ಮಲಗುವುದು ಅನ್ನುವುದಕ್ಕೆ ಮಾತ್ರ ಈಗಿನಿಂದಲೇ ಜಗಳ. ಸ್ವೆಟರ್ ತಾ, ಬೆಟ್ಟದ ಬುಡದಲ್ಲಿ ರಾತ್ರಿ ಚಳಿ ಚೆನ್ನಾಗಿ ಕಚ್ಚುತ್ತದೆ. ಅಡುಗೆಗೆ ಏನೂ ತರಬೇಡ, ಹುಳಿಪುಡಿ ಒಂದು ಮಾತ್ರ ತಾ. ಇಲ್ಲಿಯದು ಎಷ್ಟು ಹಾಕಿದರೂ ನಿನ್ನ ಕೈಯ ರುಚಿ ಬರುವುದಿಲ್ಲ.

ಇವರು ನಮಸ್ಕಾರ ತಿಳಿಸಿದ್ದಾರೆ. ನಿಮ್ಮತ್ತೆಯವರ ಕಾಲಿಗೆ ನನ್ನ ಪರವಾಗಿ ಬಿದ್ದು, ಫೋನಿನಲ್ಲಿ ಕೊಟ್ಟ ಧೈರ್ಯಕ್ಕೆ ಥ್ಯಾಂಕ್ಸ್ ಹೇಳು. ನಿನ್ನ ಆಶೀರ್ವಾದವನ್ನು ಕಾಗದದಲ್ಲಿ ಕಳಿಸಬೇಡ, ಏರ್‌ಪೋರ್ಟಿನಲ್ಲೇ ಕಾಲಿಗೆ ಬಿದ್ದು ತೆಗೆದುಕೊಳ್ಳುತ್ತೇನೆ.

ನಿನ್ನ ಹಟಮಾರಿ ತಂಗಿ,
ಸುಮಿತ್ರಾ

ಮುಖ್ಯವಾದದ್ದನ್ನೇ ಬಿಟ್ಟೆ. ಇಕ್ರಾಮುಲ್ಲಾ ಅವರ ಹೆಂಡತಿ ಅಝೀಝಾ, ನಾವು ಗಾಡಿ ಒಯ್ಯುತ್ತೇವೆ ಅಂತ ತಿಳಿದ ಮೇಲೆ ಕಾರವಾನಿನ ಹಳೇ ಒಲೆ ಕೀಳಿಸಿ ಹೊಸದು ಹಾಕಿಸಿದ್ದಾರೆ. ಅದನ್ನು ಇನ್ನೂ ಯಾರೂ ಹಚ್ಚಿಲ್ಲ. "ಹೊಸ ಮನೆಗೆ ನಿಮ್ಮಲ್ಲಿ ಹಾಲು ಉಕ್ಕಿಸ್ತಾರಲ್ಲಾ, ನಿಮ್ಮ ಕೈಯಿಂದಲೇ ಆಗಲಿ" ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಆಗುವುದಿಲ್ಲ ಅಂದೆ. ಅಕ್ಕಾ, ನೀನು ಬಂದು ಹಚ್ಚುವ ತನಕ ಆ ಒಲೆ ಹಾಗೇ ಇರುತ್ತದೆ, ಗಾಡಿಯೂ ಬೆಟ್ಟದ ದಾರಿ ಹಿಡಿಯುವುದಿಲ್ಲ. ನಮ್ಮ ಮನೆಗೆ ದೊಡ್ಡವಳು ನನ್ನ ಅಕ್ಕ, ಹಾಲು ಉಕ್ಕಿಸುವವಳು ಅವಳೇ ಅಂತ ಎಲ್ಲರಿಗೂ ಹೇಳಿಯಾಗಿದೆ.